ರಜೆಗೆ ಅಕ್ಕನ ಊರಿಗೆ ಹೊರಟಿದ್ದೇವೆ, ಹೋದ ಸಲದ ಹಾಗೆ ಆಗದಿರಲು ಏನು ಮಾಡಲಿ?

ಕಿಟಕಿ ಸೀಟು

ಶಾಲೆಗೆ ರಜೆ ಬರೋಕೆ ಇನ್ನು ಮೂರು ವಾರ. ಅಕ್ಕನ ಊರಿಗೆ ಹೋಗೋದು ಅಂತ ಆಗಿದೆ. ರಾತ್ರಿಯೆಲ್ಲ ರೈಲು, ಆಮೇಲೆ ಎರಡು ಗಂಟೆ ಕಾರು. ಮಗಳಿಗೆ 9, ಮಗನಿಗೆ 5. ಅಪ್ಪ ಅಮ್ಮ ಇರೋದೂ ಅಕ್ಕನ ಜೊತೆಯಲ್ಲೇ. ಅವಳಿಗೆ ಒಬ್ಬನೇ ಮಗ, ನನ್ನ ಮಗಳಿಗಿಂತ ಒಂದು ವರ್ಷ ಚಿಕ್ಕವನು.

ಹೋದ ಸಲದ ಕಥೆ ಹೇಳ್ಬಿಡ್ತೀನಿ. ಆರು ದಿನಕ್ಕೆ ಹೋಗಿದ್ವಿ. ಅದರಲ್ಲಿ ನಾಲ್ಕು ದಿನ ಸುತ್ತಾಟ, ಯಾರ್ಯಾರದೋ ಮನೆಗೆ ಭೇಟಿ. ಮಕ್ಕಳು ಎಲ್ಲಿ ಹೋದ್ರೂ "ಮನೆಗೆ ಯಾವಾಗ" ಅಂತ ಕೇಳ್ತಿದ್ರು, ಮನೆಗೆ ಬಂದ್ರೆ ಕುಸಿದು ಬೀಳ್ತಿದ್ರು. ಐದನೇ ದಿನ ನನ್ನ ಮಗ ಅಕ್ಕನ ಮಗನ ಸೈಕಲ್ ಬೆಲ್ ಕಿತ್ತು, ಒಳಗೇನಿದೆ ನೋಡ್ತೀನಿ ಅಂತ ಬಿಚ್ಚಿ ಹಾಕಿದ. ಸ್ಪ್ರಿಂಗು ಎಲ್ಲಿಗೆ ಹಾರಿತೋ ಇವತ್ತಿಗೂ ಸಿಕ್ಕಿಲ್ಲ. ಅಕ್ಕ ಜೋರಾಗಿ ಗದರಿದಳು. ನಾನು "ನನ್ನ ಮಗನಿಗೆ ನಾನು ಹೇಳ್ತೀನಿ, ನೀನು ಬಿಡು" ಅಂದೆ. ಅಷ್ಟೇ ಆಗಿದ್ದು. ಅಲ್ಲಿಂದ ಹೊರಡೋವರೆಗೂ ಅಕ್ಕ ನನ್ನ ಜೊತೆ ಪಾತ್ರೆ ಕುಕ್ಕೋ ಸದ್ದಿನಲ್ಲೇ ಮಾತಾಡಿದಳು.

ಫೋನಲ್ಲಿ ಈಗ ಎಲ್ಲ ಸರಿ ಇದೆ. ಆದ್ರೆ ಅದೇ ಮನೆಗೆ ಅದೇ ಮಕ್ಕಳನ್ನ ಕರ್ಕೊಂಡು ಹೋಗ್ತಿದ್ದೀನಲ್ಲ, ಒಳಗೊಳಗೇ ಅಳುಕು. ಎಷ್ಟು ದಿನ ಇರೋದು ಸರಿ? ಸುತ್ತಾಟ ಎಷ್ಟಿರಲಿ? ಮಗನಿಗೆ ಕಾರಲ್ಲಿ ವಾಂತಿ ಆಗುತ್ತೆ, ಅದಕ್ಕೇನು ಮಾಡ್ತೀರಿ? ಇನ್ನೊಂದು: ಅಪ್ಪನಿಗೆ ಕಿವಿ ಮಂದ ಆಗ್ತಿದೆ. ಮಕ್ಕಳು ಎರಡು ಸಲ ಹೇಳಿ, ಮೂರನೇ ಸಲಕ್ಕೆ "ಏನಿಲ್ಲ ಬಿಡಿ ತಾತ" ಅಂತ ಎದ್ದು ಹೋಗ್ತಾರೆ. ಅಪ್ಪನ ಮುಖ ಆಗ ನೋಡೋಕಾಗಲ್ಲ.

ಹಿರೀ ಸೊಸೆ

ನಾನು ನಿಮ್ಮ ಅಕ್ಕನ ಕಡೆಯವಳು. ಅಂದ್ರೆ ಪ್ರತೀ ರಜೆಗೆ ನಮ್ಮನೆಗೇ ಎಲ್ಲರೂ ಬರೋದು, ಹದಿನೆಂಟು ವರ್ಷದಿಂದ. ಕೋಪ ಮಾಡ್ಕೋಬೇಡಿ, ನೇರವಾಗಿ ಹೇಳ್ತೀನಿ.

ರಜೆ ಇರೋದು ನಿಮಗೆ. ನಿಮ್ಮ ಅಕ್ಕನಿಗಲ್ಲ. ನೀರು ತುಂಬೋ ಹೊತ್ತು, ಬಟ್ಟೆ ಒಗೆಯೋ ಸರದಿ, ಅಪ್ಪ ಅಮ್ಮನ ಔಷಧಿ, ಅವಳ ಕೆಲಸ, ಇದ್ಯಾವುದಕ್ಕೂ ರಜೆ ಇಲ್ಲ. ಅದರ ಮೇಲೆ ನಾಲ್ಕು ಜನ, ನಾಲ್ಕು ಟವೆಲ್, ಒಂದೇ ಬಚ್ಚಲು. ನಾವು ಮೊದಮೊದಲು ಕಳೆಕಳೆಯಾಗಿರ್ತೀವಿ. ಮೂರನೇ ದಿನ ಸೊಂಟ ಹಿಡ್ಕೊಳ್ಳುತ್ತೆ. ಐದನೇ ದಿನ ಯಾರದೋ ಮಗು ಬೆಲ್ ಬಿಚ್ಚಿದ್ದೇ ನೆಪ. ಅವತ್ತು ಅಕ್ಕನಿಗೆ ಸಿಟ್ಟು ಬಂದಿದ್ದು ಬೆಲ್ ಮೇಲಲ್ಲ, ಬರೆದಿಟ್ಕೊಳ್ಳಿ.

ಹೊರಡೋ ಮುಂಚೆ ಒಂದು ಫೋನ್ ಮಾಡಿ. "ಏನು ತರಲಿ" ಅಂತ ಕೇಳಬೇಡಿ, ಎಲ್ಲರೂ "ಏನೂ ಬೇಡ" ಅಂತಾರೆ. "ಬಂದಾಗ ನನ್ನ ಪಾಲಿನ ಕೆಲಸ ಯಾವುದು" ಅಂತ ಕೇಳಿ. ನನ್ನ ನಾದಿನಿ ಒಬ್ಬಳು ಬಂದ ತಕ್ಷಣ ಬೆಳಗಿನ ಪಾತ್ರೆ ತನ್ನದು ಅಂತ ಹೇಳಿಬಿಡ್ತಾಳೆ, ಕೇಳೋದೂ ಇಲ್ಲ. ಅವಳು ಹದಿನೈದು ದಿನ ಇದ್ರೂ ನನಗೆ ಭಾರ ಅನ್ನಿಸಿಲ್ಲ. ಇನ್ನೊಬ್ಬಳು ಮೂರೇ ದಿನ ಇರ್ತಾಳೆ. ಬೇಡ, ಆ ಕಥೆ ಇಲ್ಲಿ ಬೇಡ.

ಅವಳಿಗಳಪ್ಪ

ಅಲ್ಲಾ, ಅಷ್ಟು ದೂರ ಹೋಗಿ ಮನೇಲೇ ಕೂರೋದಾ? ನಾವು ಹೋದ್ರೆ ದಿನಕ್ಕೆ ಒಂದು ಜಾಗ ಫಿಕ್ಸ್. ಮಕ್ಕಳು ಏನಾದ್ರೂ ಕಲೀಲಿ. ಮನೇಲಿ ಬಿಟ್ರೆ ಮೊಬೈಲ್ ಹಿಡ್ಕೊಂಡು ಸೋಫಾ ಮೇಲೆ ಬಿದ್ದಿರ್ತಾರೆ.

ಹಿರೀ ಸೊಸೆ

ದಿನಕ್ಕೊಂದು ಜಾಗ ತೋರಿಸೋಕೆ ಯಾರು ಬರ್ತಾರೆ ಸಾರ್ ನಿಮ್ಮ ಜೊತೆ? ನಿಮ್ಮ ಭಾವ ತಾನೆ? ಅವರ ರಜೆ ಎಷ್ಟು ಉಳಿದಿದೆ ಅಂತ ಒಮ್ಮೆ ಕೇಳಿ ನೋಡಿ.

ಅವಳಿಗಳಪ್ಪ

ಮೌನ. 🙂

ರಾತ್ರಿಪಾಳಿ

ನಾನು ಆಸ್ಪತ್ರೆಯಲ್ಲಿ ನರ್ಸ್. ವಾಂತಿ ವಿಷಯ ಮೊದಲು ಹೇಳ್ತೀನಿ, ಆಮೇಲೆ ನೀವು ಕೇಳದೇ ಇರೋ ಒಂದು ವಿಷಯ.

ಒಳಗಿವಿ "ಅಲುಗಾಡ್ತಿದ್ದೀವಿ" ಅಂತ ಮೆದುಳಿಗೆ ಹೇಳ್ತಿರುತ್ತೆ. ಕಣ್ಣು ಪುಸ್ತಕದಲ್ಲೋ ಮೊಬೈಲಲ್ಲೋ ನೆಟ್ಟಿದ್ರೆ "ಇಲ್ಲಪ್ಪ, ಎಲ್ಲ ನಿಂತಲ್ಲೇ ಇದೆ" ಅನ್ನುತ್ತೆ. ಈ ಎರಡು ಚಾಡಿಮಾತು ಹೊಂದದೇ ಇದ್ದಾಗಲೇ ಹೊಟ್ಟೆ ತೊಳಸೋದು. ಎರಡು ವರ್ಷದೊಳಗಿನ ಕೂಸುಗಳಿಗೆ ಇದು ಅಪರೂಪ. 2ರಿಂದ 12ರ ನಡುವಿನವರಿಗೇ ಜಾಸ್ತಿ, ನಿಮ್ಮ ಮಗ ಸರಿಯಾಗಿ ಅಲ್ಲಿದ್ದಾನೆ. ಎದುರಿನ ಗಾಜಿನಿಂದ ದೂರದ ರಸ್ತೆ ಕಾಣೋ ಹಾಗೆ ಹಿಂದಿನ ಸೀಟಿನ ನಡುವೆ ಕೂರಿಸಿ, ಬೆಲ್ಟ್ ಇರಲಿ. ಪಕ್ಕದ ಕಿಟಕಿಯಲ್ಲಿ ಸರ್‍ರನೆ ಓಡೋ ಮರ ನೋಡಿದ್ರೆ ಇನ್ನೂ ಕೆಡುತ್ತೆ. ಗಾಳಿ ಆಡಲಿ. ಹೊಟ್ಟೆ ಬಿರಿಯೋ ಹಾಗೆ ತುಂಬಿಸಬೇಡಿ, ಪೂರ್ತಿ ಖಾಲಿಯೂ ಬೇಡ. ಮಾತ್ರೆ ಬೇಕೇ ಬೇಕು ಅಂದ್ರೆ ಮಕ್ಕಳ ಡಾಕ್ಟರನ್ನ ಕೇಳಿ ತೂಕಕ್ಕೆ ತಕ್ಕ ಹಾಗೆ, ಹೊರಡೋಕೆ ಮುಂಚೆ ಕೊಡಬೇಕು. ವಾಂತಿ ಶುರುವಾದ ಮೇಲೆ ಕೊಟ್ಟ ಮಾತ್ರೆ ಹೊರಗೇ ಬರುತ್ತೆ. ಪ್ರೊಮೆಥಜಿನ್ ಇರೋ ಔಷಧಿಯನ್ನ ಎರಡು ವರ್ಷದೊಳಗಿನವರಿಗೆ ಕೊಡಲೇಬಾರದು, ಉಸಿರಾಟ ನಿಧಾನ ಆಗೋ ಅಪಾಯ ಇದೆ. ದೊಡ್ಡವರ ಮಾತ್ರೆ ಮುರಿದು ಅರ್ಧ ಕೊಡೋ ಅಭ್ಯಾಸ ಯಾರಿಗಾದ್ರೂ ಇದ್ರೆ ಬಿಟ್ಟುಬಿಡಿ.

ಇನ್ನು ಕೇಳದೇ ಇರೋ ವಿಷಯ. ನಿಮ್ಮ ಅಪ್ಪ ಅಮ್ಮನ ಮಾತ್ರೆಗಳು ಎಲ್ಲಿರುತ್ತವೆ? ಚಿಕ್ಕ ಮಕ್ಕಳಿರೋ ಮನೆಯಲ್ಲಿ ಔಷಧಿ ಮೇಲಿನ ಕಪಾಟಲ್ಲಿರುತ್ತೆ. ಅಕ್ಕನ ಮಗ ದೊಡ್ಡವನಾಗಿದ್ದಾನೆ, ಅಂದ್ರೆ ಅಲ್ಲಿ ಅದು ಯಾವಾಗಲೋ ಕೆಳಗೆ ಇಳಿದಿರುತ್ತೆ. ದಿಂಬಿನ ಪಕ್ಕ, ಟೀವಿ ಮುಂದೆ, ಕೈಚೀಲದಲ್ಲಿ. ಸೋಮವಾರ ಮಂಗಳವಾರ ಅಂತ ಖಾನೆ ಮಾಡಿರೋ ಡಬ್ಬಿ ಇದೆಯಲ್ಲ, ಅದರ ಮುಚ್ಚಳ ಐದು ವರ್ಷದ ಉಗುರಿಗೆ ಆಟ. ಬಣ್ಣಬಣ್ಣದ ಗುಳಿಗೆ, ನೋಡೋಕೂ ಚೆಂದ. ಸಕ್ಕರೆ ಕಾಯಿಲೆಗೆ ಕೊಡೋ ಗ್ಲಿಮೆಪಿರೈಡ್ ತರದ ಮಾತ್ರೆ ಒಂದೇ ಒಂದು ಸಾಕು, ಪುಟ್ಟ ಮಗುವಿನ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯೋಕೆ. ಅದೂ ನುಂಗಿದ ಕೂಡಲೇ ಗೊತ್ತಾಗಲ್ಲ, ಗಂಟೆಗಟ್ಟಲೆ ಬಿಟ್ಟು ತೋರಿಸಬಹುದು. ನುಂಗಿರಬಹುದು ಅನ್ನೋ ಅನುಮಾನ ಬಂದ್ರೂ ಕಾಯಬೇಡಿ, ವಾಂತಿ ಮಾಡಿಸೋಕೂ ಹೋಗಬೇಡಿ, ಪಟ್ಟಿ ಸಮೇತ ಆಸ್ಪತ್ರೆಗೆ ಓಡಿ.

ರಿಮೋಟು, ಆಟಿಕೆಗಳ ಒಳಗಿರೋ ಬಿಲ್ಲೆ ಬ್ಯಾಟರಿಯೂ ಹಾಗೇ. ಅನ್ನನಾಳದಲ್ಲಿ ಸಿಕ್ಕಿಕೊಂಡ್ರೆ ಎರಡೇ ಗಂಟೆಯಲ್ಲಿ ಸುಡೋಕೆ ಶುರು. ಹೋದ ಮೊದಲ ಸಂಜೆ ಕಾಫಿಗೆ ಕೂರೋ ಮುಂಚೆ ಮಂಡಿಯೂರಿ, ನಿಮ್ಮ ಮಗನ ಎತ್ತರದಲ್ಲಿ ಮನೆ ಒಂದು ಸುತ್ತು ಬನ್ನಿ. ನಗ್ತಾರೆ, ನಗಲಿ.

ಗಾಡಿ ಬಿಟ್ಟೈತಿ

ವಾಂತಿ ಮಾತು ಬಂತಲ್ಲ, ಹೇಳತೀನ್ರೀ. ನಮ್ಮ ಸಣ್ಣಾವ ಗಾಡಿ ಹತ್ತಿದ್ರ ಸಾಕು, ಮಾರಿ ಬಾಡಿಸ್ಕೊಂಡು ಕುಂದರ್ತಿದ್ದ. ಸುಮ್ನಿರ್ತಾನಂತ ನಾವs ಕೈಯಾಗ ಮೊಬೈಲ್ ಕೊಡ್ತಿದ್ವಿ. ಅದs ತಪ್ಪಾಗಿತ್ತು ನೋಡ್ರಿ. ಈಗ ಮೊಬೈಲ್ ಬಂದ್. ಎದುರಿಗೆ ಬರೋ ಲಾರಿ ಎಣಸು ಅಂತೀವಿ. ಹೋದ ಸಲ ನೂರಾ ಹನ್ನೊಂದು ಲಾರಿ ಎಣಿಸ್ಯಾನ, ಒಮ್ಮಿನೂ ವಾಂತಿ ಇಲ್ಲ. ಊರು ಮುಟ್ಟಿದ ಮ್ಯಾಲೂ ಎಣಸೋದು ಬಿಡಲಿಲ್ಲ, ಅದೊಂದು ತ್ರಾಸು.

ಕಿಟಕಿ ಸೀಟು

ಹಿರೀ ಸೊಸೆ ಅವರೇ, ಓದಿ ಅರ್ಧ ಗಂಟೆ ಸುಮ್ಮನೆ ಕೂತಿದ್ದೆ. ಹೋದ ಸಲ ಆರು ದಿನದಲ್ಲಿ ನಾನು ಒಲೆ ಮುಂದೆ ನಿಂತಿದ್ದು ಎರಡು ಸಲ. ಎರಡೂ ಸಲ ಅಮ್ಮ "ನೀನು ಕೂತ್ಕೋ, ದಣಿದು ಬಂದಿದ್ದೀಯ" ಅಂತ ಎಬ್ಬಿಸಿ ಕಳಿಸಿದ್ರು, ನಾನೂ ಹಾಯಾಗಿ ಕೂತೆ. ಅಕ್ಕನಿಗೆ ಅಮ್ಮ ಯಾವತ್ತಾದ್ರೂ ಹಾಗೆ ಹೇಳಿರ್ತಾರಾ?

ರಾತ್ರಿಪಾಳಿ ಅವರೇ, ಅಪ್ಪನ ಡಬ್ಬಿ ಟೀವಿ ಪಕ್ಕದಲ್ಲೇ. ನೀವು ನೋಡಿ ಬಂದ ಹಾಗೆ ಬರೆದಿದ್ದೀರಿ.

ಹಳೇ ಮೇಷ್ಟ್ರು

ರಜೆಯ ಮನೆಪಾಠವನ್ನು ಹೊತ್ತುಕೊಂಡು ಹೋಗಬೇಡಿ. ಹೊರಡುವ ಮುನ್ನ ಆದಷ್ಟು ಮುಗಿಸಿ, ಉಳಿದದ್ದು ಬಂದ ಮೇಲೆ. ಮೂವತ್ತು ವರ್ಷ ಪಾಠ ಮಾಡಿದವನಾಗಿ ಹೇಳುತ್ತೇನೆ, ಬೇರೆ ಊರಿನಲ್ಲಿ ಅಣ್ಣ ತಮ್ಮಂದಿರ ನಡುವೆ ಕೂತು ಬರೆದ ಮನೆಪಾಠದ ಅಕ್ಷರ ನೋಡಿದರೇ ನಮಗೆ ತಿಳಿಯುತ್ತದೆ.

ಸುತ್ತಾಟದ ಬಗ್ಗೆ ಕೇಳಿದ್ದೀರಿ. ಮನೆಯಲ್ಲಿ ಕೂತರೆ ಕಲಿಯುವುದೇನಿಲ್ಲ ಎಂದು ಒಬ್ಬರು ಬರೆದಿದ್ದಾರೆ. ಅಮೆರಿಕದ ಎಮರಿ ವಿಶ್ವವಿದ್ಯಾಲಯದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫಿವುಶ್ ಎಂಬ ಮನಶ್ಶಾಸ್ತ್ರಜ್ಞರು 2001ರ ಸುಮಾರಿಗೆ 20 ಪ್ರಶ್ನೆಗಳನ್ನಿಟ್ಟುಕೊಂಡು ಮಕ್ಕಳನ್ನು ಮಾತಾಡಿಸಿದರು. ನಿನ್ನ ಅಜ್ಜ ಅಜ್ಜಿ ಎಲ್ಲಿ ಬೆಳೆದರು ಗೊತ್ತೇ, ಅಪ್ಪ ಅಮ್ಮ ಹೇಗೆ ಭೇಟಿಯಾದರು ಗೊತ್ತೇ, ನಿನಗೆ ಈ ಹೆಸರು ಹೇಗೆ ಬಂತು ಗೊತ್ತೇ, ಹೀಗೆ. ಮನೆತನದ ಕಥೆ ಹೆಚ್ಚು ಬಲ್ಲ ಮಕ್ಕಳಲ್ಲಿ ತಮ್ಮ ಬಗೆಗಿನ ನಂಬಿಕೆ ಹೆಚ್ಚು ಕಂಡುಬಂತು. ನಿಮ್ಮ ಮಗಳಿಗೆ ಒಂಬತ್ತು, ಕೇಳುವ ವಯಸ್ಸು. ನಿಮ್ಮ ತಂದೆಯವರು ಹೇಳುವ ವಯಸ್ಸು. ಊರಿನ ವಸ್ತುಸಂಗ್ರಹಾಲಯ ಮುಂದಿನ ವರ್ಷವೂ ಅಲ್ಲೇ ಇರುತ್ತದೆ.

ಅವಳಿಗಳಪ್ಪ

ಮೇಷ್ಟ್ರೇ, ಒಪ್ಪಿದೆ. ಆದ್ರೆ ನನ್ನ ಮಕ್ಕಳ ಕೈಗೆ 20 ಪ್ರಶ್ನೆ ಕೊಟ್ರೆ ಅಜ್ಜಿ ಮುಂದೆ ಮೌಖಿಕ ಪರೀಕ್ಷೆ ಥರ ನಿಲ್ತಾರೆ. "ಅಜ್ಜಿ, ಪ್ರಶ್ನೆ ಏಳು."

ಹಳೇ ಮೇಷ್ಟ್ರು

ನಿಮ್ಮ ಮಾತು ಡ್ಯೂಕ್ ಅವರೇ ಹೇಳಿದ್ದಕ್ಕೆ ಹತ್ತಿರವಿದೆ. ಪ್ರಶ್ನೆಗಳ ಉತ್ತರ ಬಾಯಿಪಾಠ ಮಾಡಿಸಿದರೆ ಏನೂ ಆಗದು, ಆ ಕಥೆಗಳು ಬರುವಂತೆ ಒಟ್ಟಿಗೆ ಕೂತ ಹೊತ್ತಿದೆಯಲ್ಲ, ಫಲ ಅದರದ್ದು ಎಂಬುದು ಅವರ ಅಭಿಪ್ರಾಯ. ಆದ್ದರಿಂದ ಪಟ್ಟಿ ಬೇಡ. ಹಳೆಯ ಒಂದು ಫೋಟೋ, ತುಕ್ಕು ಹಿಡಿದ ಒಂದು ಬೀಗ, ಯಾವುದಾದರೂ ಕೈಗೆ ಕೊಟ್ಟು ಸುಮ್ಮನಿರಿ.

ಕಿವಿಮಾತು

ಶ್ರವಣ ತಪಾಸಣೆ ನನ್ನ ಕೆಲಸ, ಹಾಗಾಗಿ ನಿಮ್ಮ ತಂದೆಯ ವಿಷಯಕ್ಕೆ ಮಾತ್ರ ಬರ್ತೀನಿ.

ವಯಸ್ಸಾದಂತೆ ಮೊದಲು ಕೇಳಿಸದೇ ಹೋಗೋದು ಕೀರಲು ಸ್ವರಗಳು. ಮಕ್ಕಳ ದನಿ ಇರೋದೇ ಅಲ್ಲಿ. ಸ, ಶ, ಫ ಇಂಥ ಉಸಿರಿನ ಅಕ್ಷರಗಳೂ ಅಲ್ಲೇ. ಹಾಗಾಗಿ ಮೊಮ್ಮಗ ಏನೋ ಹೇಳಿದ್ದು ಕೇಳುತ್ತೆ, ಏನು ಹೇಳಿದ ಅನ್ನೋದು ಹತ್ತಲ್ಲ. "ಸದ್ದು ಬರ್ತದೆ, ಮಾತು ಬರಲ್ಲ" ಅಂತ ನನ್ನ ಹತ್ತಿರ ಬರೋ ಹಿರಿಯರು ಹೇಳೋದು ಇದನ್ನೇ. ಮಗು ಕಿರುಚಿದ್ರೆ ದನಿ ಇನ್ನೂ ಮೇಲಕ್ಕೆ ಹೋಗುತ್ತೆ, ಕೇಳಿಸದೇ ಇರೋ ಕಡೆಗೇ.

ಮಕ್ಕಳಿಗೆ ಇದನ್ನ ಆಟದ ಥರ ಹೇಳಿಕೊಡಿ. ಎದುರಿಗೆ ಬಂದು ಕೂರೋದು, ಬೆಳಕು ಮುಖದ ಮೇಲೆ ಬೀಳೋ ಹಾಗೆ. ಮೊದಲು "ತಾತ" ಅಂತ ಕರೆದು, ಅವರು ತಿರುಗಿದ ಮೇಲೆ ಮಾತು. ದನಿ ದಪ್ಪ ಮಾಡಿ ನಿಧಾನ. ಟೀವಿ ಆಫ್. ಒಂದು ಪದ ಎರಡು ಸಲ ಹೇಳಿದ್ರೂ ಹತ್ತದಿದ್ರೆ ಅದನ್ನೇ ಮೂರನೇ ಸಲ ಹೇಳಬೇಡಿ, ಬೇರೆ ಪದ ಹುಡುಕಿ. "ಏನಿಲ್ಲ ಬಿಡಿ" ಅನ್ನೋದು ಮಾತ್ರ ನಿಷೇಧ. ಒಂದು ಸಲ ಪರೀಕ್ಷೆ ಮಾಡಿಸೋಕೆ ನೀವಿರೋ ದಿನಗಳಲ್ಲೇ ಕರೆದುಕೊಂಡು ಹೋಗಿ, ಅಕ್ಕನಿಗೂ ಒಂದು ಓಡಾಟ ತಪ್ಪುತ್ತೆ. ಗುಗ್ಗೆ ಕಟ್ಟಿಕೊಂಡು ಮಂದ ಆಗಿರೋರೂ ಬೇಕಾದಷ್ಟು ಜನ ಬರ್ತಾರೆ.

ಸೋಮಾರಿ ಸೋದರಮಾವ

ನಡುವೆ ನನ್ನದೊಂದು ಪ್ರಶ್ನೆ. ಅಕ್ಕನ ಮಗಳು, ಹತ್ತು ವರ್ಷ, ಈ ರಜೆಗೆ ಒಬ್ಬಳೇ ನಮ್ಮನೆಗೆ ಬರ್ತೀನಿ ಅಂತ ಹಠ. ಒಂದು ವಾರ. ಅಕ್ಕ "ಬೇಜಾರಾದ್ರೆ ಫೋನ್ ಮಾಡು, ಅವತ್ತೇ ಬಂದು ಕರ್ಕೊಂಡು ಹೋಗ್ತೀನಿ" ಅಂತ ಹೇಳಿ ಕಳಿಸ್ತಾಳಂತೆ. ನನಗೆ ಮಕ್ಕಳಿಲ್ಲ, ಅನುಭವ ಸೊನ್ನೆ. ಸರಿ ಹೋಗುತ್ತಾ?

ದೂರದ ಚಿಕ್ಕಮ್ಮ

ಅಕ್ಕನಿಗೆ ಮೊದಲು ಆ ಮಾತು ನಿಲ್ಲಿಸೋಕೆ ಹೇಳಿ. ಕೇಳೋಕೆ ಅದು ಧೈರ್ಯದ ಮಾತು, ಮಗುವಿಗೆ ತಲುಪೋದು "ನಿನ್ನ ಕೈಲಿ ಆಗಲ್ಲ ಅಂತ ನನಗೆ ಗೊತ್ತು" ಅಂತ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2007ರಲ್ಲಿ ಮನೆ ನೆನಪಿನ ಕೊರಗಿನ ಬಗ್ಗೆ ಒಂದು ವರದಿ ತಂದಿತ್ತು, ಅದರಲ್ಲೂ ಇದನ್ನೇ ಹೇಳಿದೆ: ಬಂದು ಕರ್ಕೊಂಡು ಹೋಗ್ತೀನಿ ಅನ್ನೋ ಒಪ್ಪಂದ ಮಾಡ್ಕೋಬೇಡಿ, ಹೋಗೋ ನಿರ್ಧಾರದಲ್ಲಿ ಮಗುವನ್ನೂ ಸೇರಿಸಿ, ಮೊದಲು ಹತ್ತಿರದಲ್ಲಿ ಒಂದೆರಡು ರಾತ್ರಿ ಬೇರೆ ಕಡೆ ಮಲಗಿ ಅಭ್ಯಾಸ ಆಗಲಿ. ಇದೇನು ಮೊನ್ನೆ ಮೊನ್ನೆ ಬಂದ ಕೊರಗಲ್ಲ. 1688ರಲ್ಲೇ ಯೊಹಾನೆಸ್ ಹೋಫರ್ ಅನ್ನೋ ಸ್ವಿಸ್ ವೈದ್ಯ ವಿದ್ಯಾರ್ಥಿ ಇದನ್ನ ಒಂದು ರೋಗ ಅಂತ ಬರೆದು, ಗ್ರೀಕ್ ಪದಗಳನ್ನ ಜೋಡಿಸಿ "ನಾಸ್ಟಾಲ್ಜಿಯಾ" ಅಂತ ಹೆಸರಿಟ್ಟ. ಈಗ ನಾವು ಹಳೇ ಹಾಡು ಕೇಳಿ ಅನ್ನೋ ಪದ, ಆಗ ಕಾಯಿಲೆಯ ಹೆಸರು.

ನಿಮ್ಮ ಪಾಲಿಗೆ: ಹಗಲು ಏನೂ ಆಗಲ್ಲ. ದೀಪ ಆರಿಸಿದ ಮೇಲೆ ಗಂಟಲು ಕಟ್ಟುತ್ತೆ. ಆಗ "ಅಳಬಾರದು" ಅನ್ನಬೇಡಿ, ಅಮ್ಮನಿಗೆ ಫೋನ್ ಹಚ್ಚೋಕೂ ಓಡಬೇಡಿ. ನೆನಪಾಗ್ತಿದೆಯಾ, ಆಗುತ್ತೆ ಅಂತ ಹೇಳಿ ಪಕ್ಕದಲ್ಲಿ ಕೂತ್ಕೊಳ್ಳಿ. ಫೋನ್ ಬೆಳಿಗ್ಗೆ ಮಾಡಿಸಿ, ರಾತ್ರಿ ಬೇಡ. ವಿಮಾನದಲ್ಲಿ ಒಬ್ಬಳೇ ಬರೋದಾದ್ರೆ ಒಂಟಿಯಾಗಿ ಪ್ರಯಾಣಿಸುವ ಮಕ್ಕಳಿಗೆ ಅಂತಲೇ ಇರೋ ಸೇವೆ ಮುಂಚೆಯೇ ಬುಕ್ ಮಾಡಬೇಕು. ವಯಸ್ಸಿನ ಮಿತಿ ಒಂದೊಂದು ಸಂಸ್ಥೆಗೆ ಒಂದೊಂದು. ಇಳಿದಾಗ ಕರೆದೊಯ್ಯೋಕೆ ಅರ್ಜಿಯಲ್ಲಿ ಬರೆದವರೇ ಗುರುತಿನ ಚೀಟಿ ಸಮೇತ ಹೋಗಬೇಕು, "ನಾನು ಸೋದರಮಾವ" ಅಂದ್ರೆ ಬಿಡಲ್ಲ. ಇನ್ನೊಂದು, ಇಳಿಯೋಕೆ ಮುಂಚಿನ ಅರ್ಧ ಗಂಟೆ ನಿದ್ದೆ ಮಾಡದೇ ಗುಟುಕು ಗುಟುಕಾಗಿ ನೀರು ಕುಡೀತಿರಲಿ, ನುಂಗಿದಾಗೆಲ್ಲ ಕಿವಿಯ ನಳಿಕೆ ತೆರೆದು ನೋವು ತಪ್ಪುತ್ತೆ.

ಸೋಮಾರಿ ಸೋದರಮಾವ

ಇಷ್ಟು ಕೆಲಸ ಇದೆ ಅಂತ ಗೊತ್ತಿರಲಿಲ್ಲ. ಹೆಸರು ಬದಲಾಯಿಸಬೇಕು ನಾನು.

ಸುಟ್‌ಕೇಸ್ ಮೇಲೆ ಕೂತವಳು

ನಿದ್ದೆ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಮಗಳು ಯಾರ ಮನೆಗೆ ಹೋದ್ರೂ ಮೊದಲ ರಾತ್ರಿ ಹತ್ತು ಸಲ ಏಳ್ತಾಳೆ. ನನಗೂ ಹಾಗೇ, ಯಾವ ಮಂಚವೋ ಏನೋ ಅನ್ಕೊಳ್ತಿದ್ದೆ. 2016ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು ಹೊಸ ಜಾಗದಲ್ಲಿ ಮಲಗಿದ ದೊಡ್ಡವರ ಮೆದುಳು ಅಳೆದು ನೋಡಿದ್ರು. ಮೊದಲ ರಾತ್ರಿ ಎಡ ಅರ್ಧ ಪೂರ್ತಿ ಗಾಢವಾಗಿ ಮಲಗೋದೇ ಇಲ್ವಂತೆ, ಸದ್ದಿಗೆ ಕಿವಿ ಕೊಟ್ಕೊಂಡು ಅರ್ಧ ಎಚ್ಚರ ಇರುತ್ತೆ. ಕಾವಲುಗಾರ ಇದ್ದ ಹಾಗೆ. ಅದು ಓದಿದ ಮೇಲೆ ನಾವು ತಲುಪಿದ ಮಾರನೇ ದಿನ ಎಲ್ಲೂ ಹೋಗೋ ಯೋಜನೆ ಇಟ್ಕೊಳ್ಳಲ್ಲ. 6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಅಂತಾರೆ ನಿದ್ರಾ ತಜ್ಞರು. ರೈಲಿನ ರಾತ್ರಿಯೂ ಸೇರಿದ್ರೆ ನಿಮ್ಮ ಮಕ್ಕಳು ಎರಡು ರಾತ್ರಿಯ ಸಾಲದಲ್ಲಿರ್ತಾರೆ. ಅವಳ ಹಳೇ ದಿಂಬಿನ ಕವರ್ ಒಗೆಯದೇ ಹಾಗೇ ತಗೊಂಡು ಹೋಗ್ತೀನಿ, ಮನೆ ವಾಸನೆ ಇರುತ್ತೆ. ಅತ್ತೆ ನೋಡಿದ್ರೆ ನಾಚಿಕೆ, ಅದಕ್ಕೇ ಅವರ ಕವರ್ ಒಳಗೆ ತೂರಿಸ್ತೀನಿ.

ಹೊಳೆಯಾಚೆ

ನಮಗೆ ಈಗ ರಜೆಗೆ ಹೋಗೋಕೆ ಯಾರ ಮನೆಯೂ ಉಳಿದಿಲ್ಲ. ಜಗಳ ಆಡೋಕಾದ್ರೂ ಅಕ್ಕ ಇದ್ದಾಳೆ ನಿಮಗೆ. ಹೋಗಿ ಬನ್ನಿ.

ಹದಿನೇಳು

ನಾನು ಮಕ್ಕಳ ಕಡೆಯಿಂದ ಬರೀಬಹುದಾ? ನನಗೀಗ 17. ಪ್ರತೀ ರಜೆಗೂ ಅತ್ತೆ ಮನೆಗೆ ಹೋಗ್ತಿದ್ವಿ. ಅಪ್ಪ ತೋರಿಸಿದ ಜಾಗಗಳೆಲ್ಲ ಫೋಟೋದಲ್ಲಿವೆ, ನನ್ನ ತಲೇಲಿ ಇಲ್ಲ. ತಲೇಲಿ ಇರೋದು ಅತ್ತೆ ಮನೆಯ ಮೆಟ್ಟಿಲ ಕೆಳಗಿನ ಜಾಗ. ಅಲ್ಲಿ ಹಳೇ ಪೇಪರ್ ಕಟ್ಟು ಇರ್ತಿತ್ತು, ನಾವು ಮೂರು ಜನ ಅದರ ಮೇಲೆ ಕೂತು ಅಂಗಡಿ ಆಡ್ತಿದ್ವಿ. ಒಂದು ಸಲ ಮೂರು ದಿನ ಮಳೆ, ಎಲ್ಲೂ ಹೋಗೋಕಾಗಲಿಲ್ಲ, ದೊಡ್ಡವರೆಲ್ಲ "ಪಾಪ ಮಕ್ಕಳು" ಅಂತಿದ್ರು. ನಮಗೆ ಅದೇ ಬೆಸ್ಟ್ ರಜೆ.

ಆಮೇಲೆ ಒಂದು ರಿಕ್ವೆಸ್ಟ್. ಎಲ್ಲರ ಮುಂದೆ "ನಿನ್ನ ಅಕ್ಕ ನೋಡು, ಎಷ್ಟು ಮಾರ್ಕ್ಸು" ಅಂತ ಹೋಲಿಸಬೇಡಿ. ನಾನೂ ನನ್ನ ಕಸಿನ್ನೂ ಎರಡು ರಜೆ ಮಾತಾಡದೇ ಇದ್ದಿದ್ದು ಅದಕ್ಕೇ. ನಮ್ಮಿಬ್ಬರ ನಡುವೆ ಏನೂ ಆಗಿರಲಿಲ್ಲ.

ಕಿಟಕಿ ಸೀಟು

ಇವತ್ತು ಅಕ್ಕನಿಗೆ ಫೋನ್ ಮಾಡಿದೆ. ಹಿರೀ ಸೊಸೆ ಅವರು ಹೇಳಿದ ಹಾಗೇ ಕೇಳಿದೆ, ಬಂದಾಗ ನನ್ನ ಪಾಲಿನ ಕೆಲಸ ಯಾವುದು ಅಂತ. ಆ ಕಡೆ ಸುಮಾರು ಹೊತ್ತು ಮಾತಿಲ್ಲ. ಲೈನ್ ಹೋಯ್ತೇನೋ ಅನ್ಕೊಂಡೆ. ಆಮೇಲೆ "ಬೆಳಿಗ್ಗೆ ಒಂದು ಗಂಟೆ ಅಡುಗೆಮನೆಗೆ ಯಾರೂ ಬರಬೇಡಿ, ನೀನೂ ಬರಬೇಡ" ಅಂದಳು. ಅವಳಿಗೆ ಬೇಕಿದ್ದಿದ್ದು ಸಹಾಯವೇ ಅಲ್ಲ! ಆ ಒಂದು ಗಂಟೆ ಅವಳೊಬ್ಬಳೇ ರೇಡಿಯೋ ಹಾಕ್ಕೊಂಡು ಇರ್ತಾಳಂತೆ. ಹೋದ ಸಲ ನಾವು ಒಬ್ಬೊಬ್ಬರಾಗಿ ಬಂದು ಆರು ದಿನವೂ ಅದನ್ನ ಕಿತ್ಕೊಂಡಿದ್ವಿ. ಸಂಜೆ ಪಾತ್ರೆ ಮತ್ತೆ ಮಕ್ಕಳ ಸ್ನಾನ ನನ್ನ ಪಾಲು ಅಂತ ಆಯ್ತು.

ಗದರೋ ವಿಷಯವೂ ನಾನೇ ತೆಗೆದೆ. ಬೆಂಕಿ, ರಸ್ತೆ, ಮಹಡಿ ವಿಷಯಕ್ಕೆ ಯಾರು ಹತ್ತಿರ ಇದ್ದಾರೋ ಅವರು ಗದರಲಿ, ಮಿಕ್ಕಿದ್ದಕ್ಕೆ ಅವರವರ ಅಮ್ಮಂದಿರು ಅಂತ ಮಾತಾಯ್ತು. "ಬೆಲ್ ಯಾವುದಕ್ಕೆ ಸೇರುತ್ತೆ" ಅಂದಳು. ಇಬ್ಬರೂ ನಕ್ಕಿದ್ವಿ. ಎಂಟು ದಿನ ಇರ್ತೀವಿ, ಹೊರಗೆ ಹೋಗೋದು ಎರಡು ದಿನ, ಆ ಎರಡನ್ನೂ ಮಕ್ಕಳೇ ಆರಿಸಲಿ.

ಅವಳಿಗಳಪ್ಪ

ಎರಡಾದ್ರೂ ಉಳಿಸಿದ್ರಲ್ಲ, ನನ್ನ ಪಕ್ಷಕ್ಕೆ ಠೇವಣಿ ಸಿಕ್ತು.

ಪವರ್ ಬ್ಯಾಂಕ್ ಬಗ್ಗೆ ಒಂದು ಮಾತು, ವಿಮಾನದಲ್ಲಿ ಹೋಗೋರಿಗೆ: ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಪೆಟ್ಟಿಗೆಗೆ ಹಾಕಬಾರದು. 100 ವ್ಯಾಟ್-ಅವರ್ ದಾಟಿದ್ರೆ ಮೊದಲೇ ಒಪ್ಪಿಗೆ ಬೇಕು. ಮಾಮೂಲಿ 20,000 ಎಂಎಎಚ್‌ದು ಸುಮಾರು 74 ಆಗುತ್ತೆ, ತೊಂದರೆ ಇಲ್ಲ. ನನ್ನ ಪೆಟ್ಟಿಗೆ ಒಮ್ಮೆ ತೆರೆಸಿದ್ರು. ಮೇಲೆಯೇ ಇದ್ದಿದ್ದು ಒಗೆಯದ ಬಟ್ಟೆ. ಹಿಂದೆ ದೊಡ್ಡ ಸಾಲು.

ಕಿಟಕಿ ಸೀಟು

ವಾಪಸ್ ನಮ್ಮನೆಗೆ ಬಂದು ನಾಲ್ಕು ದಿನ ಆಯ್ತು. ಬರೀತೀನಿ ಅಂತ ಹೇಳಿದ್ದೆ, ಬರೀತಿದ್ದೀನಿ.

ಕಾರಲ್ಲಿ ಒಂದೇ ಸಲ ವಾಂತಿ, ಅದೂ ತಲುಪೋಕೆ ಹತ್ತು ನಿಮಿಷ ಇದ್ದಾಗ, ಮಗಳು "ಇನ್ನೂ ಆಗಿಲ್ವಲ್ಲ" ಅಂತ ನೆನಪಿಸಿದ ಮೇಲೆ. ಲಾರಿ ಎಣಿಸೋ ಉಪಾಯ ಕೆಲಸ ಮಾಡ್ತು, ಗಾಡಿ ಬಿಟ್ಟೈತಿ ಅವರಿಗೆ ನಮಸ್ಕಾರ. ಮೊದಲ ದಿನ ಎಲ್ಲರೂ ಮಲಗಿದ್ದೇ ಮಲಗಿದ್ದು. ಮಕ್ಕಳು ಆರಿಸಿದ ಮೊದಲ ಜಾಗ ಯಾವುದು ಗೊತ್ತಾ? ಅಕ್ಕನ ಮಗನ ಶಾಲೆ. ಬೀಗ ಹಾಕಿತ್ತು. ಗೇಟಿನ ಸಂದಿಯಿಂದ ಅವನು "ಅದು ನನ್ನ ಕ್ಲಾಸು, ಮೂರನೇ ಕಿಟಕಿ" ಅಂತ ತೋರಿಸಿದ. ಮೂವರೂ ಕಾಲು ಗಂಟೆ ಆ ಕಿಟಕಿ ನೋಡ್ತಾ ನಿಂತಿದ್ರು. ಎರಡನೇ ಜಾಗ ಅವರಿಗೆ ನೆನಪೇ ಆಗಲಿಲ್ಲ, ನಾವೂ ಕೇಳಲಿಲ್ಲ.

ಜಗಳ ಆಯ್ತಾ? ಆಯ್ತು. ಆರನೇ ದಿನ, ಯಾರ ಮಗ ಯಾರನ್ನ ಮೊದಲು ತಳ್ಳಿದ್ದು ಅಂತ. ಅಕ್ಕ ಬಾಯಿ ತೆರೆದಳು, ನಾನೂ ತೆರೆದೆ, ಇಬ್ಬರೂ ಮುಚ್ಚಿಕೊಂಡ್ವಿ. ಅಮ್ಮ ಇಬ್ಬರನ್ನೂ ನೋಡಿ "ನಿಮಗೇನಾಯ್ತೇ" ಅಂದ್ರು.

ಈಗ ರಾತ್ರಿಪಾಳಿ ಅವರಿಗೆ ಒಂದು ದೂರು. ನೀವು ಹೇಳಿದ ಹಾಗೆ ಮಂಡಿಯೂರಿ ಮನೆ ಸುತ್ತಿದೆ. ಅಪ್ಪನ ಮಾತ್ರೆ ಡಬ್ಬಿ ಟೀವಿ ಪಕ್ಕದಿಂದ ಎತ್ತಿ ಅಟ್ಟದ ಪಕ್ಕದ ಎತ್ತರದ ಕಪಾಟಿಗೆ ಸೇರಿಸಿದೆ. ಮಗನಿಗೆ ಸಿಗಲ್ಲ. ಅಪ್ಪನ ಕಣ್ಣಿಗೂ ಬೀಳಲ್ಲ! ಮೂರನೇ ದಿನ ಅಕ್ಕ ಡಬ್ಬಿ ತೆಗೆದು ನೋಡಿದ್ರೆ ಎರಡು ರಾತ್ರಿಯ ಖಾನೆ ತುಂಬಿದ ಹಾಗೇ ಇದೆ. ಟೀವಿ ನೋಡೋಕೆ ಕೂತಾಗ ಡಬ್ಬಿ ಕಂಡು ನುಂಗೋದು ಅವರ ರೂಢಿಯಾಗಿತ್ತು, ಗಡಿಯಾರ ನೋಡಿ ಅಲ್ಲ. ಡಾಕ್ಟರಿಗೆ ಫೋನ್ ಮಾಡಿ ಕೇಳಿದ್ವಿ, ತಪ್ಪಿದ್ದನ್ನ ಸೇರಿಸಿ ನುಂಗಬೇಡಿ, ಇವತ್ತಿಂದ ಮಾಮೂಲಿ ಅಂದ್ರು. ಬಚಾವ್. ಆದ್ರೆ ನನ್ನ ಎದೆ ಡವಡವ.

ಆಗ ಮಗ "ನಾನು ಹೇಳ್ತೀನಿ ತಾತಂಗೆ" ಅಂದ. ಎಂಟು ಗಂಟೆಗೆ ಮುಳ್ಳು ಎಲ್ಲಿರುತ್ತೆ ಅಂತ ಅಕ್ಕನ ಮಗ ಹೇಳಿಕೊಟ್ಟ. ಕಿವಿಮಾತು ಅವರ ಪಾಠ ಮೊದಲೇ ಆಗಿತ್ತಲ್ಲ, ತಾತನ ಎದುರಿಗೆ ಹೋಗಿ, ಟೀವಿ ಆರಿಸಿ, ಗಂಟಲು ದಪ್ಪ ಮಾಡಿ, ಸಿನಿಮಾ ರಾಕ್ಷಸನ ಥರ "ತಾ…ತ. ಮಾ…ತ್ರೆ." ಅಪ್ಪನಿಗೆ ಮೊದಲ ಸಲಕ್ಕೇ ಕೇಳಿಸ್ತು. ನಗು ತಡೆಯೋಕಾಗದೇ ನೀರು ಮೂಗಿಗೆ ಹತ್ತಿ ಕೆಮ್ಮಿದ್ರು. ಆಮೇಲೆ ಪ್ರತೀ ರಾತ್ರಿ ಇದೇ ನಾಟಕ. ಕಪಾಟಿಂದ ತೆಗೆದುಕೊಡೋದು ಅಕ್ಕ, ಹೇಳೋದು ಇವನು, ಖಾನೆ ಖಾಲಿಯಾಯ್ತಾ ಅಂತ ನೋಡೋದು ಮಗಳು. ತಪಾಸಣೆಯೂ ಮಾಡಿಸಿದ್ವಿ. ಗುಗ್ಗೆ ಇತ್ತು, ತೆಗೆದ್ರು. ಆದ್ರೂ ಎರಡೂ ಕಿವಿಗೆ ಯಂತ್ರ ಬೇಕಂತೆ, ಮುಂದಿನ ತಿಂಗಳು.

ರಾತ್ರಿಪಾಳಿ

ಅಯ್ಯೋ, ತಪ್ಪು ನನ್ನದೇ. ಎತ್ತರಕ್ಕೆ ಇಡಿ ಅಂತ ಹೇಳುವಾಗ ನೆನಪಿಸೋರು ಯಾರು ಅಂತಲೂ ಕೇಳಬೇಕಿತ್ತು. ಇನ್ನು ಮುಂದೆ ಎರಡನ್ನೂ ಸೇರಿಸೇ ಹೇಳ್ತೀನಿ. ನೀವು ಹೊರಟ ಮೇಲೆ ಡಬ್ಬಿ ಎಲ್ಲಿದೆ ಈಗ?

ಹಿರೀ ಸೊಸೆ

ಅಕ್ಕನ ಒಂದು ಗಂಟೆ ಉಳೀತಾ? ಅದನ್ನ ಹೇಳಿ ಮೊದಲು.

ಕಿಟಕಿ ಸೀಟು

ಎಂಟರಲ್ಲಿ ಏಳು ದಿನ ಉಳೀತು. ಒಂದು ದಿನ ಅವಳೇ ಕರೆದಳು, "ಬಾ, ಹಾಡು ಚೆನ್ನಾಗಿದೆ" ಅಂತ. ನಾನು ಬಾಗಿಲಲ್ಲೇ ನಿಂತು ಕೇಳಿದೆ.

ಡಬ್ಬಿ ಮತ್ತೆ ಟೀವಿ ಪಕ್ಕಕ್ಕೆ ಬಂದಿದೆ. ಆದ್ರೆ ಇವನು ಬಿಡಬೇಕಲ್ಲ. ಬಂದ ದಿನದಿಂದ ರಾತ್ರಿ ಎಂಟಕ್ಕೆ ನನ್ನ ಫೋನ್ ಕಿತ್ಕೊಂಡು ಅಲ್ಲಿಗೆ ಹಚ್ಚೋದು, ಅದೇ ರಾಕ್ಷಸ ದನಿ, ಇಟ್ಟುಬಿಡೋದು. ಬೇರೆ ಮಾತಿಲ್ಲ. ನಿನ್ನೆ ಆಡಿ ದಣಿದು ಏಳೂವರೆಗೇ ಮಲಗಿಬಿಟ್ಟ. ಎಂಟೂ ಹತ್ತಕ್ಕೆ ಆ ಕಡೆಯಿಂದಲೇ ಫೋನ್ ಬಂತು. ಅಪ್ಪ. ಯಾವತ್ತೂ ತಾವಾಗಿ ಫೋನ್ ಮಾಡೋರಲ್ಲ, ಕೇಳಿಸಲ್ಲ ಅಂತ. "ನುಂಗಿದೆ ಅಂತ ಅವನಿಗೆ ಹೇಳು" ಅಂದ್ರು, ನಾನು ಏನಾದ್ರೂ ಹೇಳೋದ್ರೊಳಗೆ ಇಟ್ಟುಬಿಟ್ರು.